ಕರಡು ಮೊದಲು ಮನೆಗೆ, ಸಹಿ ಆಮೇಲೆ

ಮಾನ್ಯ ಗ್ರಾಹಕರೇ,

ಪತ್ರ ಬರೆಸಿದ ದಿನವೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕುವ ಪದ್ಧತಿಯನ್ನು ನಾವು ಬಿಡುತ್ತಿದ್ದೇವೆ. ಕ್ರಯ, ದಾನ, ವಿಭಾಗ, ಹಕ್ಕು ಖುಲಾಸೆ ಯಾವುದೇ ಇರಲಿ, ಮೂರು ದಿನ ಮೊದಲೇ ಕರಡು ನಿಮ್ಮ ಕೈಯಲ್ಲಿರುತ್ತದೆ. ಜೊತೆಗೆ ಆಡುಮಾತಿನಲ್ಲಿ ಬರೆದ ಒಂದು ಹಾಳೆ: ಈ ಪತ್ರದಿಂದ ಯಾರ ಕೈಯಿಂದ ಏನು ಹೋಗುತ್ತದೆ, ಯಾರಿಗೆ ಏನು ಬರುತ್ತದೆ ಎಂದು. ಸಹಿ ಹಾಕುವ ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ. ಮನೆಯ ಯಜಮಾನರಿಗೆ ಒಂದು ಕೊಟ್ಟು ಕೈ ತೊಳೆದುಕೊಳ್ಳುವುದಿಲ್ಲ.

ಕಾರಣ ಹೇಳಲೇಬೇಕು. ಕಳೆದ ವರ್ಷ ಅಣ್ಣನ ಜೊತೆ ಬಂದ ಹೆಣ್ಣುಮಗಳೊಬ್ಬರು ನಾವು ಬರೆದ ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಪೂರ್ತಿ ಓದಿ ಹೇಳಿದ್ದೆವು, ಹೂಂ ಅಂದಿದ್ದರು. ಎರಡು ತಿಂಗಳಾದ ಮೇಲೆ ಬಂದು, ‘ನನ್ನ ಪಾಲಿನ ಪಹಣಿ ಯಾವಾಗ ಬರುತ್ತೆ ಸ್ವಾಮಿ?’ ಎಂದು ಕೇಳಿದರು. ಕೇಸಿನಲ್ಲಿ ಖುಲಾಸೆಯಾದರೆ ಒಳ್ಳೆಯದೇ ತಾನೇ, ಹಕ್ಕು ಖುಲಾಸೆ ಅಂದರೂ ತನ್ನ ಹಕ್ಕು ತಕರಾರಿಲ್ಲದೆ ಕೈಗೆ ಬಂತು ಅಂತಲೇ ಅವರು ತಿಳಿದಿದ್ದರು. ಬರೆದುಕೊಟ್ಟಿದ್ದು ಮಾತ್ರ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದೇನೆ ಎಂದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದ್ದು ಆ ಒಂದು ಹೆಬ್ಬೆಟ್ಟಿಗೆ ಹೋಯಿತು. ‘ಓದಿ ಹೇಳಿದ್ದೆವಲ್ಲ’ ಎಂದು ಅವರ ಮುಖ ನೋಡಿ ಹೇಳಲು ನಮಗೆ ಬಾಯಿ ಬರಲಿಲ್ಲ.

ಆದ್ದರಿಂದ ಒಂದು ಮಾತು ಖಡಾಖಂಡಿತ: ಓದಲು ಬಾರದವರು ಹಾಳೆಯನ್ನು ತಮಗೆ ಬೇಕಾದವರಿಂದ ಓದಿಸಿಕೊಳ್ಳಲಿ, ಆ ಪತ್ರದಿಂದ ಆಸ್ತಿ ಪಡೆಯುವವರಿಂದ ಬೇಡ.

ಜನ ಎಡವುವ ಇನ್ನೂ ಕೆಲವು ಪದಗಳು ಹಾಳೆಯ ಹಿಂಬದಿಯಲ್ಲಿವೆ. ಹೆಚ್ಚು ಕಾಡುವುದು ಖಾತೆ. ‘ಖಾತೆ ನನ್ನ ಹೆಸರಲ್ಲಿದೆ, ಇನ್ನೇನು ಬೇಕು’ ಎನ್ನುವವರು ವಾರಕ್ಕೊಬ್ಬರಾದರೂ ಬರುತ್ತಾರೆ. ಕಂದಾಯ ಯಾರು ಕಟ್ಟಬೇಕು ಎಂಬುದಕ್ಕೆ ಇಟ್ಟ ದಾಖಲೆ ಅದು. ಮಾಲೀಕತ್ವಕ್ಕೆ ಕ್ರಯವೋ ದಾನವೋ ವಾರಸೋ ಹಿಂದೆ ಇರಬೇಕು. ಮಾರಾಟದ ಕರಾರು ಮಾರುತ್ತೇನೆಂಬ ಮಾತು ಅಷ್ಟೇ. ಆಸಾಮಿ ಕ್ರಯ ಮಾಡಿಕೊಡದಿದ್ದರೆ ಕರಾರಿನಲ್ಲಿ ಗೊತ್ತುಮಾಡಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಜಿಪಿಎ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ, ಹಿಡಿದು ಸೈಟು ಕೊಂಡೆ ಎನ್ನುವವರಿಗೆ, ಅದರಿಂದ ಹಕ್ಕು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಮೂಲ ಪತ್ರದ ಭಾಷೆ ಹಾಗೆಯೇ ಇರುತ್ತದೆ. ‘ನಿಧಿ ನಿಕ್ಷೇಪ ಜಲ ಪಾಷಾಣ’ ಶಾಸನಗಳ ಕಾಲದಿಂದ ಬಂದದ್ದು, ನಮ್ಮ ಹಿರಿಯ ಬರಹಗಾರರು ಅದನ್ನು ಕೈಬಿಡಲು ಸುತರಾಂ ಒಪ್ಪಲಿಲ್ಲ. ಹಾಳೆಯಲ್ಲಿ ಅದಕ್ಕೆ ‘ನೆಲದ ಮೇಲಿನದು, ಕೆಳಗಿನದು ಎಲ್ಲ ಸೇರಿ’ ಎಂದು ಬರೆದಿದ್ದೇವೆ.

ಹಾಳೆಗೆ ಬೇರೆ ಶುಲ್ಕವಿಲ್ಲ. ಮುಹೂರ್ತ ನೋಡಿಸಿದವರು ಅದಕ್ಕೆ ಮೂರು ದಿನ ಮೊದಲೇ ಬನ್ನಿ. ಉಯಿಲಿಗೆ ಮಾತ್ರ ಈ ನಿಯಮವಿಲ್ಲ: ಹಾಸಿಗೆ ಹಿಡಿದವರಿದ್ದರೆ ಹೇಳಿಕಳಿಸಿ, ಅಂದೇ ಮನೆಗೆ ಬಂದು ಬರೆದುಕೊಡುತ್ತೇವೆ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಆದರೆ ಇಬ್ಬರು ಸಾಕ್ಷಿಗಳು ಬೇಕೇ ಬೇಕು.

ಸಹಿಗೆ ಬರುವಾಗ ಹಾಳೆ ತನ್ನಿ. ತಿಳಿಯದ ಪದದ ಕೆಳಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿರಿ, ಅಲ್ಲಿಂದಲೇ ಶುರು ಮಾಡೋಣ.

ಇಂತಿ ತಮ್ಮ ವಿಶ್ವಾಸಿಗಳು,
ಪತ್ರ ಬರಹಗಾರರು