ಗಣ್ಯರ ಜೊತೆ ಆಡಿದವರ ಹೆಸರೂ ಬರಲಿ

ಸಂಪಾದಕರಿಗೆ ನಮಸ್ಕಾರ.

ನಾನು ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯ ಲೆಕ್ಕ ಬರೆಯುವವನು. ವರ್ಷಕ್ಕೊಂದು ಸಲ ಹರಾಜು ಮುಗಿದ ಮೇಲೆ ರಸೀದಿ ಪುಸ್ತಕ ಹಿಡಿದು ಮಂಡಿ ಮಂಡಿ ಸುತ್ತುತ್ತೇನೆ. ವೇಮಗಲ್ ಕಡೆಯ ನಮ್ಮೂರಿನ ಹೆಣ್ಣುಮಕ್ಕಳ ಖೊ-ಖೊ ತಂಡಕ್ಕೆ ಚಂದಾ ಎತ್ತಲು. ಎಂಟು ವರ್ಷದಿಂದ ಇದೇ ಕೆಲಸ.

ಕಳೆದ ತಿಂಗಳು ನಮ್ಮ ತಂಡ ಒಂದು ಪಂದ್ಯಾವಳಿ ಗೆದ್ದಿತು. ಮರುದಿನ ಒಂದು ಪತ್ರಿಕೆಯಲ್ಲಿ ಸುದ್ದಿ ಬಂತು. ವೇದಿಕೆ ಮೇಲೆ ಕೂತಿದ್ದ ಒಂಬತ್ತು ಜನ ಗಣ್ಯರ ಹೆಸರಿತ್ತು. ಆಡಿದ ಒಬ್ಬ ಹುಡುಗಿಯ ಹೆಸರೂ ಇರಲಿಲ್ಲ. ಸ್ಕೋರ್ ಕೂಡ ಇಲ್ಲ. ಮಕ್ಕಳು ಪೇಪರನ್ನು ಎರಡೆರಡು ಸಲ ತಿರುವಿ ನೋಡಿದರು.

ದುಡ್ಡು ಕೇಳಲು ಹೋಗುವ ನನಗೆ ಇದು ಸಣ್ಣ ವಿಷಯ ಅಲ್ಲ. ಗೆದ್ದವರ ಹಿಂದೆ ಮಾತ್ರ ಜನ ಬರುತ್ತಾರೆ ಅನ್ನುತ್ತಾರಲ್ಲ, ಅದು ಸುಳ್ಳು. ನಮ್ಮ ಮಂಡಿಯ ಹಮಾಲಿ ಹುಡುಗರನ್ನೇ ನೋಡಿ. ಆರ್‌ಸಿಬಿ 2008ರಿಂದ ಆಡಿ, 2009, 2011, 2016ರಲ್ಲಿ ಫೈನಲ್ ಸೋತು, ಕೊನೆಗೆ ಐಪಿಎಲ್ ಕಪ್ ಎತ್ತಿದ್ದು 2025ರಲ್ಲಿ. ಅಷ್ಟು ವರ್ಷವೂ ಇವರು ‘ಈ ಸಲ ಕಪ್ ನಮ್ದೇ’ ಅನ್ನುವುದನ್ನು ಬಿಡಲಿಲ್ಲ. ಕೊಹ್ಲಿ ಯಾವ ಪಂದ್ಯದಲ್ಲಿ ಹೇಗೆ ಔಟಾದರು ಅನ್ನುವುದೂ ಇವರ ಬಾಯಲ್ಲಿದೆ. ಅಷ್ಟು ಗೊತ್ತಿರುವುದಕ್ಕೇ ತಾನೇ ನಮ್ಮವರು ಅನ್ನಿಸುವುದು?

ಮದನಪಲ್ಲಿ ಕಡೆಯಿಂದ ಬರುವ ಲಾರಿ ಡ್ರೈವರ್ ಒಬ್ಬರಿದ್ದಾರೆ. ನಮ್ಮೂರನ್ನು ಅವರು ಕಣ್ಣಲ್ಲಿ ಕಂಡಿಲ್ಲ. ಆದರೂ ಪ್ರತಿ ವರ್ಷ ಇನ್ನೂರು ರೂಪಾಯಿ ಕೊಡುತ್ತಾರೆ. ಶಾಲೆಯಲ್ಲಿ ಅವರೂ ಖೊ-ಖೊ ಆಡುತ್ತಿದ್ದರಂತೆ. ಮೊದಲ ವರ್ಷ, ‘ನಿಮ್ಮಲ್ಲಿ ಪೋಲ್ ಡೈವ್ ಯಾರು ಚೆನ್ನಾಗಿ ಹೊಡೀತಾರೆ?’ ಅಂತ ಕೇಳಿದರು. ಕಂಬದ ಬಳಿ ಹಾರಿ ಎದುರಾಳಿಯನ್ನು ಮುಟ್ಟುವುದಕ್ಕೆ ಹಾಗನ್ನುತ್ತಾರೆ. ನಾನು ಒಬ್ಬಳ ಹೆಸರು ಹೇಳಿದೆ. ಈಗ ಅವಳನ್ನು ಹೆಸರು ಹಿಡಿದೇ ವಿಚಾರಿಸುತ್ತಾರೆ, ಮೊಣಕಾಲಿನ ಗಾಯ ವಾಸಿಯಾಯ್ತಾ ಅನ್ನುವವರೆಗೆ. ಇನ್ನೊಬ್ಬ ಮಂಡಿ ಯಜಮಾನರು ಟೀ ಷರ್ಟಿನ ಬೆನ್ನಿಗೆ ತಮ್ಮ ಅಂಗಡಿ ಹೆಸರು ಹಾಕಿಸಿದರು. ಅದರಲ್ಲಿ ತಪ್ಪೇನೂ ಇಲ್ಲ. ಆ ಷರ್ಟ್ ತೊಟ್ಟು ಹುಡುಗಿಯರು ಓಡುವಾಗ ಅವರು ಬಿಸಿಲಲ್ಲಿ ನಿಂತು ಗಂಟಲು ಕಟ್ಟುವ ಹಾಗೆ ಕೂಗಿದ್ದನ್ನು ನಾನೇ ನೋಡಿದ್ದೇನೆ.

ಒಂದು ವರ್ಷ ಮೊದಲ ಪಂದ್ಯದಲ್ಲೇ ಸೋತು ಬಂದೆವು. ಪ್ರತಿ ಮಂಡಿಗೂ ಹೋಗಿ ಹೇಗೆ ಸೋತೆವು ಅಂತ ಹೇಳಿದೆ. ಬಸ್ ಚಾರ್ಜು, ಊಟದ ಲೆಕ್ಕ ತೋರಿಸಿದೆ. ಮುಂದಿನ ವರ್ಷ ಒಬ್ಬರೂ ಕಡಿಮೆ ಕೊಡಲಿಲ್ಲ. ಶೂ ಕೊಡಿಸಿದ್ದ ಒಂದು ಕಾರ್ಖಾನೆಗೆ ಮಾತ್ರ ಹೋಗಿರಲಿಲ್ಲ. ಅವರು ಮತ್ತೆ ಕೊಡಲಿಲ್ಲ. ತಪ್ಪು ನನ್ನದೇ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಗ್ರಾಮೀಣ ಕ್ರೀಡೆಯ ತರಬೇತಿಯೂ ಆ ಪಟ್ಟಿಯಲ್ಲಿದೆ. ಆದರೆ ಕೇಳಲು ಹೋದರೆ ಪೇಪರ್ ಕಟಿಂಗ್ ಇದೆಯಾ ಅನ್ನುತ್ತಾರೆ. ಗಣ್ಯರ ಹೆಸರಷ್ಟೇ ಇರುವ ಕಟಿಂಗ್ ತೋರಿಸಿ ಏನು ಹೇಳಲಿ?

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ-ಖೊ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಅವರ ಹೆಸರು, ಊರು, ಫೋಟೊ ಎಲ್ಲ ಪತ್ರಿಕೆಯಲ್ಲಿ ಬಂತು. ಆ ವರ್ಷ ನಾನು ಬಾಯಿ ಬಿಡುವ ಮೊದಲೇ, ‘ನಿಮ್ಮ ಮಕ್ಕಳದ್ದೂ ಅದೇ ಆಟ ಅಲ್ವಾ?’ ಅಂತ ಕೇಳಿ ದುಡ್ಡು ಕೈಗಿಟ್ಟವರಿದ್ದಾರೆ.

ನಿಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೊಂದು ಸಲ ನಾಲ್ಕು ಸಾಲು ಜಾಗ ಕೊಡಿ. ಸ್ಕೋರ್, ಆಡಿದವರ ಹೆಸರು, ಊರು, ಇಷ್ಟೇ ಸಾಕು. ಸೋತ ತಂಡದ್ದೂ ಹಾಕಿ. ನಮ್ಮ ಮುಂದಿನ ಪಂದ್ಯದ ವಿವರವನ್ನು ಅದೇ ದಿನ ಸಂಜೆ ನಾನೇ ಬರೆದು ನಿಮ್ಮ ಕೋಲಾರದ ಕಚೇರಿಗೆ ತಂದುಕೊಡುತ್ತೇನೆ.

– ಒಬ್ಬ ಓದುಗ, ವೇಮಗಲ್, ಕೋಲಾರ ಜಿಲ್ಲೆ