ತಳಿ ಆಯ್ಕೆಯಲ್ಲಿ ಭತ್ತ ಹೂವರಳುವ ಹೊತ್ತೂ ಲೆಕ್ಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ತಾಪಮಾನ ಏರಿಕೆಯ ಚರ್ಚೆಯೆಲ್ಲ ಕಾಫಿಯ ಹೂಮಳೆ ಮತ್ತು ಕರಿಮೆಣಸಿನ ಸುತ್ತಲೇ ನಡೆಯುತ್ತದೆ. ಭತ್ತದ ಮಾತು ಬಂದರೂ ಅದು ಕೂಲಿಯಾಳು ಮತ್ತು ಕಾಡಾನೆ ಹಾವಳಿಯ ಹಂತಕ್ಕೇ ನಿಲ್ಲುತ್ತದೆ. ಆಹಾರ ಧಾನ್ಯದ ಬೆಳೆಗಳು ಶಾಖವನ್ನು ಹೇಗೆ ತಾಳಿಕೊಳ್ಳುತ್ತವೆ ಮತ್ತು ಎಲ್ಲಿ ಸೋಲುತ್ತವೆ ಎಂಬುದು ನಮ್ಮ ತಳಿ ಆಯ್ಕೆಯ ಭಾಗವಾಗಬೇಕು ಎಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ತೆಂಡೆಯೊಡೆಯುವ, ಅಂದರೆ ಬುಡದಿಂದ ಹೊಸ ಕವಲು ಮೂಡುವ ಹಂತದಲ್ಲಿ ಭತ್ತದ ಪೈರು ಸಾಕಷ್ಟು ಬಿಸಿಯನ್ನು ಸಹಿಸುತ್ತದೆ. ಎಲೆಗಳ ಮೂಲಕ ನೀರನ್ನು ಆವಿಯಾಗಿಸಿ ಮೈ ತಂಪಾಗಿಸಿಕೊಳ್ಳುತ್ತದೆ, ಜೀವಕೋಶಗಳಲ್ಲಿ ಶಾಖಾಘಾತ ಪ್ರೋಟೀನ್‌ಗಳನ್ನು ತಯಾರಿಸಿ ಇತರ ಪ್ರೋಟೀನ್‌ಗಳು ಕೆಡದಂತೆ ಕಾಯುತ್ತದೆ. ಅದು ಸೋಲುವುದು ಹೂವರಳುವ ಹೊತ್ತಿನಲ್ಲಿ. ಭತ್ತದ ಪ್ರತಿ ಹೂವೂ ಸಾಮಾನ್ಯವಾಗಿ ಬೆಳಿಗ್ಗೆ 9ರಿಂದ ಮಧ್ಯಾಹ್ನದೊಳಗೆ ಸುಮಾರು ಒಂದು ಗಂಟೆ ಮಾತ್ರ ತೆರೆದಿರುತ್ತದೆ. ಆ ಅವಧಿಯಲ್ಲಿ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗಕೋಶ ಸರಿಯಾಗಿ ಒಡೆಯುವುದಿಲ್ಲ, ಪರಾಗ ಮೊಳೆಯುವುದಿಲ್ಲ, ಕಾಳು ಕಟ್ಟಬೇಕಾದಲ್ಲಿ ಜೊಳ್ಳು ಉಳಿಯುತ್ತದೆ. ಮರುದಿನ ಎಷ್ಟು ತಂಪಾದರೂ ಆ ಹೂವಿಗೆ ಪ್ರಯೋಜನವಿಲ್ಲ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಾಡುಭತ್ತವೊಂದರಿಂದ ಮುಂಜಾನೆಯೇ ಹೂವರಳುವ ಗುಣವನ್ನು ಕೃಷಿ ತಳಿಗೆ ತಂದಿರುವುದು ಇದೇ ಕಾರಣಕ್ಕೆ. ನಮ್ಮದೇ ದೇಶದ ನಗೀನಾ 22 ತಳಿಯ ದಾರಿ ಬೇರೆ. ಹೂವಿನ ಹಂತದಲ್ಲೇ ಬಿಸಿ ತಾಳುವ ಅದರ ಗುಣವನ್ನು ಜಗತ್ತಿನ ಅನೇಕ ಸಂಶೋಧನೆಗಳು ಬಳಸಿಕೊಂಡಿವೆ.

ಕೊಡಗಿನಂತಹ ತೇವದ ನಾಡಿಗೆ ಇನ್ನೊಂದು ಸಂಗತಿ ಮುಖ್ಯ. ಆಸ್ಟ್ರೇಲಿಯಾದ ರಿವರಿನಾ ಪ್ರದೇಶದಲ್ಲಿ ಬಿಸಿಲು ತೀವ್ರವಾಗಿದ್ದರೂ ಗಾಳಿ ಒಣಗಿರುವುದರಿಂದ ತೆನೆಯಿಂದ ನೀರು ಬೇಗ ಆವಿಯಾಗುತ್ತದೆ, ತೆನೆಯ ಉಷ್ಣತೆ ಗಾಳಿಯ ಉಷ್ಣತೆಗಿಂತ ಹಲವು ಡಿಗ್ರಿ ಕೆಳಗಿರುತ್ತದೆ. ತೇವ ತುಂಬಿದ ಗಾಳಿಯಲ್ಲಿ ಈ ಅನುಕೂಲ ಕುಗ್ಗುತ್ತದೆ. ಆದ್ದರಿಂದ ಒಣ ಸೀಮೆಯಲ್ಲಿ ಶಾಖ ತಾಳಿದ ತಳಿ ಇಲ್ಲಿಯೂ ತಾಳುತ್ತದೆಂದು ಪರೀಕ್ಷೆಯಿಲ್ಲದೆ ನಂಬಲಾಗದು. ರಾತ್ರಿಯ ಸೆಕೆಯನ್ನೂ ಮರೆಯಬಾರದು, ಏಕೆಂದರೆ ಹಗಲು ಕೂಡಿಟ್ಟ ಸತ್ವವನ್ನು ಪೈರು ಬೆಚ್ಚನೆಯ ರಾತ್ರಿಯಲ್ಲಿ ಉಸಿರಾಟಕ್ಕೇ ಹೆಚ್ಚು ಖರ್ಚು ಮಾಡುತ್ತದೆ. 2004ರಲ್ಲಿ ಪ್ರಕಟವಾದ, ಫಿಲಿಪ್ಪೀನ್ಸ್‌ನ ಅದೇ ಭತ್ತ ಸಂಶೋಧನಾ ಸಂಸ್ಥೆಯ ಅಧ್ಯಯನದ ಪ್ರಕಾರ, ಅಲ್ಲಿನ ಒಣ ಹಂಗಾಮಿನಲ್ಲಿ ಕನಿಷ್ಠ ಉಷ್ಣತೆ 1 ಡಿಗ್ರಿ ಏರಿದರೆ ಭತ್ತದ ಇಳುವರಿ ಸುಮಾರು ಶೇ 10ರಷ್ಟು ಇಳಿದಿತ್ತು.

ನಮ್ಮ ಮುಂಗಾರು ಭತ್ತ ಹೊಡೆಯೊಡೆದು ಹೂ ಬಿಡುವುದು ಮಳೆಗಾಲದ ಕೊನೆಯ ತಂಪಿನಲ್ಲಿ, ಹಾಗಾಗಿ ಹಗಲಿನ 35 ಡಿಗ್ರಿಯ ಭಯ ಆ ಬೆಳೆಗೆ ಇಂದು ದೊಡ್ಡದಲ್ಲ ಎಂಬುದನ್ನು ಒಪ್ಪುತ್ತೇನೆ. ನೀರಿನ ಅನುಕೂಲವಿದ್ದು ಬೇಸಿಗೆ ಭತ್ತ ಹಾಕುವವರ ಸ್ಥಿತಿ ಬೇರೆ. ಮಾರ್ಚ್, ಏಪ್ರಿಲ್‌ನಲ್ಲಿ ತೆನೆ ಹೊರಬಂದರೆ ಅಪಾಯ ಹತ್ತಿರದಲ್ಲೇ ಇರುತ್ತದೆ. 2022ರ ಮಾರ್ಚ್‌ನ ಬಿಸಿಗಾಳಿಗೆ ಉತ್ತರ ಭಾರತದ ಗೋಧಿಕಾಳು ಮುರುಟಿ, ಅದೇ ವರ್ಷದ ಮೇ ತಿಂಗಳಲ್ಲಿ ಸರ್ಕಾರ ಗೋಧಿ ರಫ್ತನ್ನು ನಿಷೇಧಿಸಿದ್ದನ್ನು ಓದುಗರು ಬಲ್ಲರು. ಕಾಳು ತುಂಬುವ ಹೊತ್ತಿನ ಕೆಲವೇ ವಾರಗಳು ಅಷ್ಟು ನಷ್ಟ ತಂದವು.

ಪೊನ್ನಂಪೇಟೆಯ ಸಂಶೋಧನಾ ಕೇಂದ್ರ ಮತ್ತು ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ನನ್ನ ವಿನಂತಿ ಇಷ್ಟು: ತಳಿಗಳನ್ನು ಹೋಲಿಸುವಾಗ ಇಳುವರಿ ಮತ್ತು ಬೆಂಕಿರೋಗದ ಜೊತೆಗೆ ಹೂವರಳುವ ಗಳಿಗೆ, ಜೊಳ್ಳಿನ ಪ್ರಮಾಣ, ಗದ್ದೆಯ ರಾತ್ರಿ ಉಷ್ಣತೆಯನ್ನೂ ದಾಖಲಿಸಿ ರೈತರಿಗೆ ತಿಳಿಸಬೇಕು. ಈ ಪರೀಕ್ಷೆಯಲ್ಲಿ ನಾಡಿನ ಹಳೆಯ ತಳಿಗಳೂ ಇರಲಿ. ಹಳೆಯದೆಂಬ ಕಾರಣಕ್ಕೇ ಅವು ಶಾಖ ತಾಳುತ್ತವೆಂದು ನಾನು ವಾದಿಸುತ್ತಿಲ್ಲ. ಆದರೆ ಗದ್ದೆಗಳು ಶುಂಠಿ, ಅಡಿಕೆಗೆ ಬದಲಾಗುತ್ತಿರುವ ಈ ದಿನಗಳಲ್ಲಿ, ಅವುಗಳ ಗುಣವೇನೆಂದು ಅಳೆಯುವ ಮೊದಲೇ ಬಿತ್ತನೆ ಬೀಜ ಕಣಜಗಳಿಂದ ಮಾಯವಾಗುವುದನ್ನು ತಡೆಯಲೇಬೇಕು. ಬರುವ ಸಸಿಮಡಿಯ ಹೊತ್ತಿಗೆ ಹೋಬಳಿಗೆ ಒಂದು ಗದ್ದೆಯಲ್ಲಾದರೂ ಈ ಕೆಲಸ ಆರಂಭವಾದರೆ, ಗದ್ದೆ ಮತ್ತು ಬೀಜ ಎರಡನ್ನೂ ಒದಗಿಸಲು ನನ್ನಂತಹ ಬೆಳೆಗಾರರು ಸಿದ್ಧರಿದ್ದೇವೆ.

ಇಂತಿ,
ಓರ್ವ ಭತ್ತದ ಬೆಳೆಗಾರ, ದಕ್ಷಿಣ ಕೊಡಗು