ಭಾನುವಾರದ ಚರ್ಚೆಗೆ ಲಾರ್ಡ್ ಲಾಂಗ್‌ಫರ್ಡ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ಮಾತುಕತೆಗೆ ಬ್ರಿಟನ್ನಿನ ಲಾರ್ಡ್ ಲಾಂಗ್‌ಫರ್ಡ್ (1905–2001) ಅವರನ್ನು ತೆಗೆದುಕೊಳ್ಳೋಣ. 1945ರಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ಗೆ ಹೋದವರು, ಸಾಯುವವರೆಗೂ ಅಲ್ಲೇ ಇದ್ದರು. ಅವರ ಭಾಷಣಗಳೆಲ್ಲ ಹ್ಯಾನ್ಸರ್ಡ್‌ನಲ್ಲಿ (ಬ್ರಿಟನ್ ಸಂಸತ್ತಿನ ಚರ್ಚೆಗಳ ಅಧಿಕೃತ ದಾಖಲೆ) ಉಚಿತವಾಗಿ ಸಿಗುತ್ತವೆ, ಹೆಸರು ಹಾಕಿ ಹುಡುಕಿದರೆ ಸಾಕು. ಎಲ್ಲವನ್ನೂ ಓದಲು ಹೋಗಬೇಡಿ, ಸುಮ್ನೆ ಸುಸ್ತಾಗುತ್ತೀರಿ. ಜೈಲಿನ ಬಗ್ಗೆ ಮಾತಾಡಿದ್ದನ್ನು ಮೊದಲು ನೋಡಿ.

ಸ್ವಲ್ಪ ಹಿನ್ನೆಲೆ. ಬ್ರಿಟನ್ನಿನ ಸಾಮಾಜಿಕ ಭದ್ರತಾ ವ್ಯವಸ್ಥೆಗೆ ಅಡಿಪಾಯ ಹಾಕಿದ 1942ರ ಬೆವರಿಡ್ಜ್ ವರದಿ ತಯಾರಾಗುವಾಗ ಇವರು ಬೆವರಿಡ್ಜ್ ಅವರ ಸಹಾಯಕರು. ಆ ವರದಿ ಹೇಳಿದ ಐದು ಪಿಡುಗುಗಳಲ್ಲಿ ಕೆಲಸವಿಲ್ಲದಿರುವುದೂ ಒಂದು. ಜೈಲಿಂದ ಹೊರಬಂದವನಿಗೆ ಕೆಲಸ ಕೊಡುವವರು ಯಾರು, ಅಲ್ವಾ? ಅದಕ್ಕೇ 1950ರ ದಶಕದಲ್ಲಿ ಅಂಥವರಿಗೆ ನೆರವಾಗಲು 'ನ್ಯೂ ಬ್ರಿಡ್ಜ್' ಸಂಸ್ಥೆ ಕಟ್ಟಿದರು. 1964ರಲ್ಲಿ ಇವರ ಅಧ್ಯಕ್ಷತೆಯ ಲೇಬರ್ ಪಕ್ಷದ ತಂಡ ಪೆರೋಲ್, ಅಂದರೆ ಶಿಕ್ಷೆ ಮುಗಿಯುವ ಮೊದಲೇ ಷರತ್ತಿನ ಮೇಲೆ ಬಿಡುಗಡೆ, ಬೇಕು ಎಂದಿತು, 1967ರ ಕಾಯ್ದೆಯಲ್ಲಿ ಅದು ಜಾರಿಗೂ ಬಂತು. ನನಗೆ ಇವರ ಬಗ್ಗೆ ಗೌರವ ಹುಟ್ಟಿದ್ದು ಮಾತ್ರ 1968ರ ರಾಜೀನಾಮೆಯಿಂದ. ಮಕ್ಕಳು ಶಾಲೆ ಬಿಡುವ ವಯಸ್ಸನ್ನು 16ಕ್ಕೆ ಏರಿಸುವುದನ್ನು ಸರ್ಕಾರ ಮುಂದೂಡಿತು ಅಂತ ಮಂತ್ರಿ ಪದವಿಯನ್ನೇ ಬಿಟ್ಟರು!

ಜಗಳ ಬರುವುದು ಮೈರಾ ಹಿಂಡ್ಲಿ ವಿಷಯಕ್ಕೆ. ಮಕ್ಕಳ ಕೊಲೆಗಳಲ್ಲಿ ಶಿಕ್ಷೆಯಾದ ಆಕೆಗೆ ಪೆರೋಲ್ ಕೊಡಿ ಎಂದು ವರ್ಷಗಟ್ಟಲೆ ವಾದಿಸಿ ಬೈಗುಳ ತಿಂದರು. ಸತ್ತ ಮಕ್ಕಳ ಅಪ್ಪ ಅಮ್ಮಂದಿರ ನೋವು ಇವರಿಗೆ ಅಷ್ಟಾಗಿ ತಟ್ಟಲಿಲ್ಲವೇನೋ ಅಂತ ನನ್ನ ಗುಮಾನಿ. ಒಪ್ಪದವರು ಭಾನುವಾರ ವಾದ ಮಾಡಿ, ಆದರೆ ಓದಿಕೊಂಡು ಬನ್ನಿ.